ಕುರ್ಬಾನಿಯ ಹಣವನ್ನು ಕಷ್ಟದಲ್ಲಿರುವ ಅಕ್ಕನಿಗೆ ಕೊಡಬಹುದೇ?

ಪ್ರಶ್ನೆ (ಹಾಸನದ ಓದುಗ)

ಅಸ್ಸಲಾಮು ಅಲೈಕುಮ್. ನಮ್ಮ ಮನೆಯಲ್ಲಿ ಪ್ರತಿ ಬಕ್ರೀದಿಗೆ ಮೂರು ಕುರಿಗಳ ಕುರ್ಬಾನಿ ನಡೆಯುತ್ತದೆ: ನನ್ನ ಹೆಸರಿನಲ್ಲಿ ಒಂದು, ಪತ್ನಿಯ ಹೆಸರಿನಲ್ಲಿ ಒಂದು, ತೀರಿಕೊಂಡ ತಂದೆಯವರ ಹೆಸರಿನಲ್ಲಿ ಒಂದು. ಭಾವ ತೀರಿಹೋದ ಮೇಲೆ ಅಕ್ಕ ಇಬ್ಬರು ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿದ್ದಾರೆ. ಬಟ್ಟೆ ಹೊಲಿದು ಬರುವ ದುಡ್ಡು ಬಾಡಿಗೆಗೂ ಸಾಲದು, ಮಕ್ಕಳ ಶಾಲಾ ಶುಲ್ಕ ಬಾಕಿಯಿದೆ. ಈಗಿನ ದರದಲ್ಲಿ ಮೂರು ಕುರಿಗಳಿಗೆ ಐವತ್ತು ಸಾವಿರ ರೂಪಾಯಿಯಾದರೂ ಬೇಕು. ಅಷ್ಟನ್ನೂ ಅಕ್ಕನಿಗೆ ಕೊಟ್ಟರೆ ಕುರ್ಬಾನಿಯ ಹೊಣೆ ತೀರುತ್ತದೆಯೇ? ಪ್ರಾಣಿಯ ಮಾಂಸವೂ ರಕ್ತವೂ ಅಲ್ಲಾಹನಿಗೆ ತಲುಪುವುದಿಲ್ಲ, ತಲುಪುವುದು ನಿಮ್ಮ ತಖ್ವಾ (ದೇವಭಯ) ಎಂದು ಕುರ್‌ಆನ್ (22:37) ಹೇಳುತ್ತದಲ್ಲವೇ? ತಾಯಿಯವರು ಮಾತ್ರ ಕುರ್ಬಾನಿ ನಿಲ್ಲಬಾರದು ಎನ್ನುತ್ತಾರೆ. ನಾವು ಹನಫಿ ಮದ್‌ಹಬಿನವರು (ಮದ್‌ಹಬ್ ಎಂದರೆ ಧರ್ಮಶಾಸ್ತ್ರದ ಪಂಥ).

ಉತ್ತರ (ದಾವಣಗೆರೆ, ಮದ್ರಸಾ ಶಿಕ್ಷಕ)

ವ ಅಲೈಕುಮುಸ್ಸಲಾಮ್. ಮೂರು ಕುರಿಗಳನ್ನು ಒಂದೇ ಲೆಕ್ಕಕ್ಕೆ ಸೇರಿಸಬೇಡಿ, ಮೂರರ ಹುಕುಂ (ಧಾರ್ಮಿಕ ವಿಧಿ) ಒಂದೇ ಅಲ್ಲ. ಹನಫಿ ಮದ್‌ಹಬಿನ ಪ್ರಕಾರ, ದುಲ್‌ಹಜ್ ತಿಂಗಳ 10ರಿಂದ (ಬಕ್ರೀದ್ ದಿನದಿಂದ) 12ರ ಸೂರ್ಯಾಸ್ತದೊಳಗೆ, ಸಾಲ ಮತ್ತು ದಿನನಿತ್ಯದ ಅಗತ್ಯಗಳನ್ನು ಕಳೆದು ಸುಮಾರು 612 ಗ್ರಾಂ ಬೆಳ್ಳಿಯ ಬೆಲೆಯಷ್ಟು ಸ್ವತ್ತು (ಈ ಮಿತಿಯೇ ನಿಸಾಬ್) ಯಾರ ಬಳಿ ಇರುತ್ತದೆಯೋ ಅವರ ಮೇಲೆ ಕುರ್ಬಾನಿ ವಾಜಿಬ್ (ಕಡ್ಡಾಯ). ಝಕಾತಿಗೆ (ಉಳ್ಳವರ ಕಡ್ಡಾಯ ದಾನಕ್ಕೆ) ಆ ಸ್ವತ್ತು ಕೈಸೇರಿ ವರ್ಷ ತುಂಬಬೇಕು, ಕುರ್ಬಾನಿಗೆ ಹಾಗಿಲ್ಲ. ವಾಜಿಬ್ ಆದವರು ಆ ದಿನಗಳಲ್ಲಿ ಅದರ ಬದಲಿಗೆ ಎಷ್ಟು ದಾನ ಮಾಡಿದರೂ ಹೊಣೆ ತೀರುವುದಿಲ್ಲ. ದಿನಗಳು ಕಳೆದುಹೋದರೆ ಮಾತ್ರ ಬೆಲೆಯನ್ನು ಸದಖಾ (ದಾನ) ಮಾಡಬೇಕಾಗುತ್ತದೆ. ನೀವು ಉಲ್ಲೇಖಿಸಿದ ಆಯತ್ ಕುರ್ಬಾನಿಯನ್ನು ಕೈಬಿಡಲು ಹೇಳುವುದಿಲ್ಲ; ಅದರ ಹಿಂದಿನ ಆಯತ್ತೇ ಆ ಮಾಂಸವನ್ನು ತಿನ್ನಿರಿ, ಬೇಡುವವರಿಗೂ ಬೇಡದವರಿಗೂ ತಿನ್ನಿಸಿರಿ ಎನ್ನುತ್ತದೆ.

ತಂದೆಯವರು ವಸಿಯ್ಯತ್ (ಉಯಿಲು) ಮಾಡಿರದಿದ್ದರೆ ಅವರ ಹೆಸರಿನ ಕುರ್ಬಾನಿ ನಫಿಲ್ (ಐಚ್ಛಿಕ). ಆ ಹಣವನ್ನು ಈ ವರ್ಷ ಅವರ ಪರವಾಗಿ ಅವರ ಮಗಳಿಗೇ ಸದಖಾ ಆಗಿ ಕೊಡಿ, ಹಿಂಜರಿಯಬೇಡಿ. ಪತ್ನಿಯ ಲೆಕ್ಕ ಬೇರೆ: ಅವರ ಒಡವೆ ಅವರ ಸ್ವತ್ತು, ಒಡವೆ ಮತ್ತು ಕೈಯಲ್ಲಿರುವ ನಗದು ಸೇರಿ ನಿಸಾಬಿನ ಬೆಲೆ ಮುಟ್ಟಿದರೆ ಅವರ ಮೇಲೂ ವಾಜಿಬ್. ದೊಡ್ಡ ಪ್ರಾಣಿಯಲ್ಲಿ ಏಳು ಜನ ಪಾಲು ಹಾಕಿಕೊಂಡರೆ ಖರ್ಚು ತಗ್ಗುತ್ತದೆ, ಆದರೆ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ನಮ್ಮ ರಾಜ್ಯದಲ್ಲಿ ಹಸು, ಎತ್ತುಗಳ ವಧೆಗೆ ಅವಕಾಶವಿಲ್ಲ, ಎಮ್ಮೆ ಕೋಣಗಳಿಗೂ 13 ವರ್ಷ ದಾಟಿರಬೇಕು. ಹೀಗಾಗಿ ಬಹುತೇಕರು ಕುರಿ ಮೇಕೆಗಳಿಗೇ ಬಂದು ನಿಂತಿದ್ದಾರೆ.

ಉತ್ತರ (ಪುತ್ತೂರು)

ಪ್ರಶ್ನೆ ಕೇಳಿದವರು ಹನಫಿಗಳು, ಆದ್ದರಿಂದ ಮೇಲಿನ ಉತ್ತರವೇ ಅವರಿಗೆ ಅನ್ವಯ. ಆದರೆ ಇದನ್ನು ಓದುವ ಕರಾವಳಿಯ ಬ್ಯಾರಿ ಸಮುದಾಯದವರು ಹೆಚ್ಚಾಗಿ ಶಾಫಿಈ ಮದ್‌ಹಬಿನವರಾದ ಕಾರಣ ನಮ್ಮ ಕಡೆಯ ನಿಲುವನ್ನೂ ಹೇಳುತ್ತೇನೆ. ನಮ್ಮಲ್ಲಿ ಉಳ್‌ಹಿಯ್ಯತ್ (ಕುರ್ಬಾನಿ) ವಾಜಿಬ್ ಅಲ್ಲ, ಬಲವಾದ ಸುನ್ನತ್ (ಪ್ರವಾದಿಯವರ ಮಾದರಿಯ ಆಚರಣೆ). ಒಂದು ಮನೆಯಲ್ಲಿ ಒಬ್ಬರು ನೀಡಿದರೂ ಆ ಮನೆಯವರೆಲ್ಲರಿಗೆ ಸುನ್ನತ್ ನೆರವೇರುತ್ತದೆ. ಜನರು ಇದನ್ನು ಕಡ್ಡಾಯವೆಂದು ಭಾವಿಸಿಯಾರೆಂಬ ಕಾರಣಕ್ಕೆ ಮೊದಲ ಇಬ್ಬರು ಖಲೀಫರಾದ ಅಬೂಬಕರ್ ಮತ್ತು ಉಮರ್ (ರ) ಕೆಲವೊಮ್ಮೆ ಬಲಿ ನೀಡದೆ ಇರುತ್ತಿದ್ದರೆಂಬ ವರದಿಯೂ ಇದೆ. ಮೃತರ ಪರವಾಗಿ ಅವರ ವಸಿಯ್ಯತ್ ಇಲ್ಲದೆ ಉಳ್‌ಹಿಯ್ಯತ್ ನೀಡುವುದು ಸಿಂಧುವಲ್ಲ ಎಂಬುದೇ ನಮ್ಮ ಮದ್‌ಹಬಿನ ಪ್ರಬಲ ಅಭಿಪ್ರಾಯ.

ಹಾಗೆಂದು ಸುನ್ನತ್ ಎಂದರೆ ಬಿಟ್ಟರೂ ನಡೆಯುವ ಸಂಗತಿ ಎಂದು ಹಗುರವಾಗಿ ತೆಗೆದುಕೊಳ್ಳಬಾರದು. ಮಾಲಿಕಿ ಮದ್‌ಹಬಿನ ಮೂಲಪುರುಷರಾದ ಮಾಲಿಕ್ ಇಮಾಮರು ಇದನ್ನು ಸುನ್ನತ್ ಎನ್ನುತ್ತಲೇ, ಶಕ್ತಿಯಿದ್ದವರು ಬಿಡುವುದು ತಮಗೆ ಇಷ್ಟವಿಲ್ಲ ಎಂದಿದ್ದಾರೆ. ಆದರೂ ಆ ಮದ್‌ಹಬನ್ನೇ ಅನುಸರಿಸುವ ಮೊರಾಕೊದಲ್ಲಿ, ಸತತ ಬರದಿಂದ ಕುರಿಗಳ ಸಂಖ್ಯೆ ತೀವ್ರವಾಗಿ ಕುಸಿದಾಗ, 2025ರಲ್ಲಿ ದೊರೆ ಆರನೇ ಮುಹಮ್ಮದ್ ಆ ವರ್ಷ ಕುರ್ಬಾನಿ ನೀಡದಿರುವಂತೆ ಪ್ರಜೆಗಳನ್ನು ಕೇಳಿಕೊಂಡರು. ಅವರ ತಂದೆಯೂ 1996ರಲ್ಲಿ ಹೀಗೆಯೇ ಮಾಡಿದ್ದರು. ಬಡ ಕುಟುಂಬಗಳಿಗೆ ತೊಂದರೆಯಾಗಬಾರದೆಂಬುದು ಅಲ್ಲಿ ನೀಡಿದ ಕಾರಣಗಳಲ್ಲಿ ಒಂದು.

ಉತ್ತರ (ಬೆಂಗಳೂರು)

ಅಕ್ಕನ ಕಷ್ಟ ನೆನಪಾಗುವುದು ಕುರಿಯ ಬೆಲೆ ಕೇಳಿದಾಗಲೇ ಏಕೆ ಎಂಬುದು ನನಗೆ ಸದಾ ಕಾಡುವ ಪ್ರಶ್ನೆ. ಮದುವೆಯ ವಲೀಮಾ ಊಟಕ್ಕೆ ಖರ್ಚು ಮಾಡುವಾಗ ಯಾರೂ ಇಂಥ ತಕ್ಕಡಿ ಹಿಡಿಯುವುದಿಲ್ಲ. (ಲಕ್ಷ ರೂಪಾಯಿಯ ಟಗರನ್ನು ಬೀದಿಯಲ್ಲಿ ಮೆರೆಸುವವರ ಬಗ್ಗೆ ನಾನು ಇಲ್ಲಿ ಮಾತಾಡುತ್ತಿಲ್ಲ, ಅವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ.)

ಮೇಲಿನ ಇಬ್ಬರೂ ಮುಟ್ಟದ ಒಂದು ವಿಷಯವಿದೆ. ಹನಫಿ ಫಿಖ್‌ಹಿನಲ್ಲಿ (ಧರ್ಮಶಾಸ್ತ್ರದಲ್ಲಿ), ಆಸ್ತಿಯೂ ಸಾಕಷ್ಟು ಸಂಪಾದನೆಯೂ ಇಲ್ಲದ ಸಹೋದರಿಯ ನಫಖಾ, ಅಂದರೆ ಊಟ, ಬಟ್ಟೆ, ವಸತಿಯ ಖರ್ಚು, ಅನುಕೂಲವಂತ ಸಹೋದರನ ಮೇಲೆ ಹೊಣೆಯಾಗಿ ಬೀಳುತ್ತದೆ. ಇತರ ಒಡಹುಟ್ಟಿದವರಿದ್ದರೆ ವಾರಸಿನ ಪಾಲಿಗೆ ತಕ್ಕಂತೆ ಅವರೂ ಅದನ್ನು ಹಂಚಿಕೊಳ್ಳಬೇಕು. ಅದು ಅಕ್ಕನಿಗೆ ಮಾಡುವ ಉಪಕಾರವಲ್ಲ. ಹತ್ತಿರದ ಬಂಧುವಿಗೆ ಅವನ ಹಕ್ಕನ್ನು ಕೊಡು ಎಂದೇ ಕುರ್‌ಆನ್ (17:26) ಆಜ್ಞಾಪಿಸುತ್ತದೆ. ಹೀಗಿರುವಾಗ ಕುರ್ಬಾನಿಯೋ ಅಕ್ಕನೋ ಎಂಬ ಆಯ್ಕೆಯೇ ಹುಟ್ಟುವುದಿಲ್ಲ. ಬಾಡಿಗೆ ಮತ್ತು ಶುಲ್ಕದ ಬಾಕಿಯನ್ನು ಬಕ್ರೀದ್ ಬರುವವರೆಗೂ ಕಾಯಿಸದೆ ಇಂದೇ ತೀರಿಸಿ. ಅದಾದ ನಂತರ ಕುರ್ಬಾನಿಯ ದಿನಗಳಲ್ಲಿ ನಿಮ್ಮ ಬಳಿ ನಿಸಾಬ್ ಉಳಿದಿದ್ದರೆ ಕುರ್ಬಾನಿ ಕೊಡಿ, ಉಳಿದಿಲ್ಲದಿದ್ದರೆ ನಿಮ್ಮ ಮೇಲೆ ವಾಜಿಬ್ ಆಗುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಜಝಾಕಲ್ಲಾಹು ಖೈರ್. ತಂದೆಯವರು ವಸಿಯ್ಯತ್ ಮಾಡಿಲ್ಲ, ಆ ಹಣ ಅಕ್ಕನಿಗೇ. ಬಾಕಿಯನ್ನೆಲ್ಲ ಈ ವಾರವೇ ತೀರಿಸುತ್ತೇನೆ, ಆನಂತರವೂ ನನ್ನ ಬಳಿ ನಿಸಾಬ್ ಉಳಿಯುತ್ತದೆ, ಆದ್ದರಿಂದ ನನ್ನ ಪಾಲಿನ ಕುರಿ ತರುತ್ತೇನೆ. ಪತ್ನಿಯ ಒಡವೆಯನ್ನು ತೂಗಿಸಬೇಕಿದೆ. ಇನ್ನೊಂದು ಸಂದೇಹ: ಮುಂದಿನ ತಿಂಗಳುಗಳಿಗೆ ಝಕಾತಿನ ಹಣವನ್ನು ಅಕ್ಕನಿಗೆ ಕೊಡಬಹುದೇ? ಝಕಾತ್ ಎಂದು ಗೊತ್ತಾದರೆ ಅವರು ಮುಟ್ಟುವುದಿಲ್ಲ.

ಉತ್ತರ (ದಾವಣಗೆರೆ, ಮದ್ರಸಾ ಶಿಕ್ಷಕ)

ಕೊಡಬಹುದು. ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಮತ್ತು ಸಂಗಾತಿಗೆ ಝಕಾತ್ ಸಲ್ಲುವುದಿಲ್ಲ, ಒಡಹುಟ್ಟಿದವರಿಗೆ ಸಲ್ಲುತ್ತದೆ. ಬಡವನಿಗೆ ಕೊಟ್ಟದ್ದು ಒಂದು ಸದಖಾ, ಬಂಧುವಿಗೆ ಕೊಟ್ಟದ್ದು ಸದಖಾ ಮತ್ತು ಸಂಬಂಧ ಕೂಡಿಸುವಿಕೆ ಎರಡೂ ಆಗುತ್ತದೆ ಎಂಬ ಹದೀಸನ್ನು (ಪ್ರವಾದಿಯವರ ಮಾತನ್ನು) ಹದೀಸ್ ಸಂಗ್ರಾಹಕರಾದ ತಿರ್ಮಿದಿ ಮತ್ತು ನಸಾಈ ವರದಿ ಮಾಡಿದ್ದಾರೆ. ಅಕ್ಕನ ಬಳಿ ನಿಸಾಬಿನ ಬೆಲೆಯಷ್ಟು ಚಿನ್ನ ಇಲ್ಲವೆಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ. ಝಕಾತ್ ಎಂದು ಹೇಳಬೇಕಾಗಿಲ್ಲ. ಕೊಡುವಾಗ ನಿಮ್ಮ ಮನಸ್ಸಿನಲ್ಲಿ ನಿಯ್ಯತ್ (ಸಂಕಲ್ಪ) ಇದ್ದರೆ ಸಾಕು, ಮಕ್ಕಳಿಗೆ ಈದಿ (ಹಬ್ಬದ ಉಡುಗೊರೆ) ಎಂದು ಹೇಳಿ ಅಕ್ಕನ ಕೈಗೇ ಕೊಟ್ಟರೂ ಝಕಾತ್ ತೀರುತ್ತದೆ.