ಅಪ್‌ಡೇಟ್: ಹಾಸನದ ಕಾಲೇಜಿನಲ್ಲಿರುವ ಎಲೆಯ ಪಳೆಯುಳಿಕೆ ಆಲಿವ್ ಕುಟುಂಬದ್ದೇ?

ನಮ್ಮ ಸಸ್ಯಶಾಸ್ತ್ರ ವಿಭಾಗದ ಕಪಾಟಿನಲ್ಲಿ ಚೀಟಿಯಿಲ್ಲದೆ ಉಳಿದಿದ್ದ ಜೇಡಿಶಿಲೆಯ ಮೇಲಿನ ಎಲೆಯ ಅಚ್ಚು ಆಲಿವ್ ಕುಟುಂಬಕ್ಕೆ, ಅಂದರೆ ಮಲ್ಲಿಗೆ, ಪಾರಿಜಾತಗಳೂ ಸೇರಿರುವ ಒಲಿಯೇಸೀಗೆ, ಸೇರಿದ್ದೇ ಎಂದು ಹಿಂದೆ ಕೇಳಿದ್ದೆ. ಮೊದಲು ನಾಳವಿನ್ಯಾಸವನ್ನು, ಅಂದರೆ ಎಲೆಯ ನಾಳಗಳು ಹರಡಿರುವ ರೀತಿಯನ್ನು, ನೋಡಿ ಎಂದು ಬಲ್ಲವರು ಸೂಚಿಸಿದ್ದರು.

ಕಲ್ಲು ಈ ಸೀಮೆಯದಲ್ಲ ಎಂಬುದು ಬೇಗನೆ ಇತ್ಯರ್ಥವಾಯಿತು. ಇಲ್ಲಿನ ನೆಲದ ಶಿಲೆಯಾದ ಗೊರೂರಿನ ನೈಸ್‌ಗೆ ಸುಮಾರು 330 ಕೋಟಿ ವರ್ಷ ವಯಸ್ಸು. ಆಗ ನೆಲದ ಮೇಲೆ ಗಿಡಗಳೇ ಇರಲಿಲ್ಲ.

ಹೋಲಿಕೆಗಾಗಿ ಸಕಲೇಶಪುರದ ಕಾಡಿನಲ್ಲಿ ಬೆಳೆಯುವ, ಇದೇ ಕುಟುಂಬದ ಒಲಿಯಾ ಡಯೋಯಿಕಾ ಮರದ ಎಲೆಗಳನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ, ಹಸಿರು ಪೂರ್ತಿ ಕಳೆದ ಮೇಲೆ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಕಿರುನಾಳಗಳೂ ಕೆಂಪಾಗಿ ಎದ್ದು ಕಂಡವು. ಕಲ್ಲಿನ ಎಲೆಯಲ್ಲಿ ಪಕ್ಕದ ನಾಳಗಳು ಅಂಚನ್ನು ಮುಟ್ಟದೆ ಒಳಗೇ ಬಾಗಿ, ಮೇಲಿನ ನಾಳವನ್ನು ಕೂಡಿಕೊಂಡು ಸಾಲು ಕುಣಿಕೆಗಳಾಗಿವೆ. ಈ ಕುಟುಂಬದಲ್ಲಿ ಇದು ಸಾಮಾನ್ಯ ಲಕ್ಷಣ. ಆದರೆ ಆಲದ ಎಲೆಯಲ್ಲೂ ಇಂಥವೇ ಕುಣಿಕೆಗಳಿರುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಈ ಕುಟುಂಬದಲ್ಲಿ ಸಾಮಾನ್ಯವಾಗಿರುವಂತೆ ಎಲೆಗಳು ಎದುರುಬದುರಾಗಿ ಜೋಡಣೆಯಾಗಿದ್ದವೇ ಎಂದು ತಿಳಿಯಲು ರೆಂಬೆ ಬೇಕು. ಆಲಿವ್ ಎಲೆಯ ಅಡಿಭಾಗದ ಛತ್ರಿಯಾಕಾರದ ಸೂಕ್ಷ್ಮ ಶಲ್ಕಗಳನ್ನು (ಹುರುಪೆಗಳನ್ನು) ಹುಡುಕಲು ಹೊರಪೊರೆ ಉಳಿದಿರಬೇಕು. ನಮ್ಮಲ್ಲಿರುವುದು ಬರೀ ಅಚ್ಚು.

ಗ್ರೀಸಿನ ಸ್ಯಾಂಟೊರಿನಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಸಿಕ್ಕ, ಹತ್ತಾರು ಸಾವಿರ ವರ್ಷ ಹಳೆಯ ಆಲಿವ್ ಎಲೆಗಳ ಮೇಲೆ ಆಲಿವ್ ಬಿಳಿನೊಣದ ಮರಿಗಳ ಗುರುತೂ ಉಳಿದಿದೆ. ಅಂಥ ಸಾಕ್ಷ್ಯದ ಭಾಗ್ಯ ನಮಗಿಲ್ಲ. ಆದ್ದರಿಂದ ಚೀಟಿಯಲ್ಲಿ ‘ದ್ವಿದಳ ಸಸ್ಯದ ಎಲೆ, ಒಲಿಯೇಸೀ ಇರಬಹುದು, ಮೂಲಸ್ಥಳ ತಿಳಿಯದು’ ಎಂದಷ್ಟೇ ಬರೆದು, ನಾಳಗಳ ರೇಖಾಚಿತ್ರವನ್ನು ಜೊತೆಗಿಟ್ಟಿದ್ದೇವೆ.