2025ರ ಜಿರೋ, 20ನೇ ಸ್ಟೇಜ್: ದೆಲ್ ತೊರೊ ಯಾಕೆ ಯೇಟ್ಸ್‌ನ ಬೆನ್ನಟ್ಟಲಿಲ್ಲ?

ನಂದಿರಸ್ತೆ:
ಎಲ್ಲರಿಗೂ ನಮಸ್ಕಾರ. ನಾನು ರೋಡ್ ರೇಸ್ ನೋಡೋಕೆ ಶುರು ಮಾಡಿ ಎರಡೇ ವರ್ಷ ಆಗಿದ್ದು, ಅದಕ್ಕೇ ಒಂದು ವಿಷಯ ತಲೆಗೆ ಹೋಗ್ತಾ ಇಲ್ಲ. 2025ರ ಜಿರೋದ (ಇಟಲಿಯ ಮೂರು ವಾರದ ಸೈಕಲ್ ರೇಸ್) 20ನೇ ಸ್ಟೇಜ್, ಅಂದ್ರೆ ಅದರ ಒಂದು ದಿನದ ರೇಸು, ಮೊನ್ನೆ ಮತ್ತೆ ಕೂತು ನೋಡ್ದೆ, ಮೇ 31ರದ್ದು, ಕೊಲೆ ದೆಲ್ಲೆ ಫಿನೆಸ್ತ್ರೆ ಹತ್ತಿ ಇಳಿದು ಸೆಸ್ತ್ರಿಯೇರೆಯಲ್ಲಿ ಮುಗಿಯೋದು. ಬೆಳಗ್ಗೆ ಹೊರಟಾಗ ಒಟ್ಟು ಸಮಯದಲ್ಲಿ ಮೊದಲಿರೋನು ಹಾಕೋ ಗುಲಾಬಿ ಜೆರ್ಸಿ ಈಸಾಕ್ ದೆಲ್ ತೊರೊ ಮೈಮೇಲಿತ್ತು, ಕಾರಪಾಸ್ 43 ಸೆಕೆಂಡ್ ಹಿಂದೆ, ಸೈಮನ್ ಯೇಟ್ಸ್ 1 ನಿಮಿಷ 21 ಸೆಕೆಂಡ್ ಹಿಂದೆ. ಯೇಟ್ಸ್ ಬೆಟ್ಟದಲ್ಲಿ ಬಿಟ್ಟು ಹೊರಟ, ಸರಿ, ಅಲ್ಲಿವರೆಗೂ ಅರ್ಥ ಆಗುತ್ತೆ. ಆಮೇಲೆ ಇವರಿಬ್ಬರೂ ಜೊತೆಗೇ ಇದ್ರಲ್ಲ, ಇಬ್ಬರು ಸೇರಿ ಒಬ್ಬನ್ನ ಹಿಡಿಯೋಕೆ ಆಗಲ್ವಾ? ಒಬ್ಬರ ಮುಖ ಒಬ್ಬರು ನೋಡ್ಕೊಂಡು ಐದು ನಿಮಿಷಕ್ಕಿಂತ ಜಾಸ್ತಿ ಕಳ್ಕೊಂಡ್ರು, ಜಿರೋನೇ ಯೇಟ್ಸ್ ಪಾಲಾಯ್ತು. ನೋಡ್ತಾ ನೋಡ್ತಾ ನಂಗೆ ನಿಜವಾಗ್ಲೂ ಸಂಕಟ ಆಯ್ತು, 21 ವರ್ಷದ ಹುಡುಗ, 9ನೇ ಸ್ಟೇಜಿಂದ ಜೆರ್ಸಿ ಕಾಪಾಡ್ಕೊಂಡು ಬಂದಿದ್ದ. ಇನ್ನೊಂದು, ಯೇಟ್ಸ್ ಟೀಮಿನ ವೌಟ್ ವಾನ್ ಆರ್ಟ್ ಬೆಳಗ್ಗೆಯೇ ಬ್ರೇಕ್‌ಅವೇಲಿ (ದೊಡ್ಡ ಗುಂಪು ಬಿಟ್ಟು ಹೊರಟವರ ಜೊತೆ) ಮುಂದೆ ಹೋಗಿದ್ದು ಸ್ಟೇಜ್ ಗೆಲ್ಲೋಕೆ ಅಂದ್ಕೊಂಡಿದ್ದೆ, ಆದ್ರೆ ಅವನು ನಿಂತು ಕಾದ. ಇದು ಮೊದಲೇ ಪ್ಲಾನ್ ಮಾಡಿದ್ದಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಗಾಳಿಗೆದುರು:
ಒಳ್ಳೆ ಪ್ರಶ್ನೆ ಕೇಳಿದೀರಿ. ಮೊದಲು ವಾನ್ ಆರ್ಟ್ ವಿಷಯ ತಗೋತೀನಿ, ಯಾಕಂದ್ರೆ ಆ ದಿನದ ಬೀಗದಕೈ ಅಲ್ಲೇ ಇದೆ.

ಇದಕ್ಕೆ ಸ್ಯಾಟಲೈಟ್ ರೈಡರ್ ಅಂತಾರೆ. ಟೀಮ್‌ನ ಒಬ್ಬ ಬಲಶಾಲೀನ ಬೆಳಗ್ಗೆಯೇ ಬ್ರೇಕ್ ಜೊತೆ ಮುಂದೆ ಕಳಿಸಿಬಿಡೋದು, ಲೀಡರ್ ಹಿಂದಿಂದ ಬೆಟ್ಟದಲ್ಲಿ ಒಂಟಿಯಾಗಿ ಹೊರಟು ಬಂದಾಗ ಇವನು ಮುಂದೆ ಕಾಯ್ತಾ ಇರ್ತಾನೆ. ಪ್ರಶ್ನೆ ಏನಂದ್ರೆ ಎಲ್ಲಿ ಕಾಯಬೇಕು? ಬೆಟ್ಟದ ಮೇಲೆ ಕಾದ್ರೆ ಹೆಚ್ಚು ಪ್ರಯೋಜನ ಇಲ್ಲ, ಇಳಿದ ಮೇಲೆ ಬರೋ ಕಣಿವೇಲಿ ಕಾಯಬೇಕು. ಅದ್ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಇದು ನನ್ನ ಅಂದಾಜು ಲೆಕ್ಕ. ರೈಡರ್ 60 ಕೆಜಿ, ಸೈಕಲ್ಲು ಬಾಟಲ್ಲು ಶೂ ಎಲ್ಲಾ ಸೇರಿ 8 ಕೆಜಿ ಅಂತಿಟ್ಕೊಳಿ. ಫಿನೆಸ್ತ್ರೆ 18 ಕಿಮೀಗಿಂತ ಉದ್ದ, ಸರಾಸರಿ 9% ಮೇಲೆ ಏರು, ಕೊನೇ 8 ಕಿಮೀ ಡಾಂಬರೇ ಇಲ್ಲ, ಜಲ್ಲಿ ಮಣ್ಣಿನ ರಸ್ತೆ. ಅಲ್ಲಿ ಗಂಟೆಗೆ 18 ಕಿಮೀಲಿ ಹತ್ತಿದ್ರೆ ಬರೀ ತೂಕ ಮೇಲೆತ್ತೋಕೇ ಸುಮಾರು 300 ವ್ಯಾಟ್ ಹೋಗುತ್ತೆ, ಗಾಳಿ ತಳ್ಳೋಕೆ ಹೆಚ್ಚು ಅಂದ್ರೆ 20ರ ಆಸುಪಾಸು. ಯಾರ ಹಿಂದೆ ಅಡಗಿಕೊಂಡ್ರೂ ಆ 20ರಲ್ಲಿ ಎಷ್ಟು ಉಳಿಸ್ತೀರಾ? ಆದ್ರೆ ಬೆಟ್ಟ ಇಳಿದ ಮೇಲೆ ಸೆಸ್ತ್ರಿಯೇರೆಗೆ ಹೋಗೋ ಕೊನೇ 16 ಕಿಮೀ ಸಣ್ಣ ಏರು, 4% ಕೂಡ ಇಲ್ಲ. ಅಲ್ಲಿ ಗಂಟೆಗೆ 30 ಕಿಮೀ ಹೋದ್ರೆ ಏರಿಗೆ 210 ವ್ಯಾಟ್, ಗಾಳಿಗೆ 100 ವ್ಯಾಟ್. ಮುಂದೆ ಒಬ್ಬ ದೊಡ್ಡ ಮೈಕಟ್ಟಿನವನು ಗಾಳಿ ಒಡೀತಾ ಇದ್ರೆ ಆ ನೂರರಲ್ಲಿ ಮೂರನೇ ಒಂದು ಭಾಗ ಉಳಿದ್ರೂ ಸಾಕು, ಮೂರು ವಾರ ರೇಸ್ ಮಾಡಿ ಸುಸ್ತಾದ ಕಾಲಿಗೆ ಅದು ದೊಡ್ಡ ಉಸಿರು.

ನಿಮ್ಮ ಹೆಸರು ನೋಡಿದ್ರೆ ನಂದಿ ಹತ್ತೋರು ಅನ್ಸುತ್ತೆ, ಹಾಗಾದ್ರೆ ಇದು ನಿಮಗೆ ಮೈಯಿಂದಲೇ ಗೊತ್ತಿರುತ್ತೆ. ಹತ್ತುವಾಗ ಯಾರ ಹಿಂದೆ ಇದ್ರೂ ಒಂದೇ, ಇಳಿದು ದೇವನಹಳ್ಳಿ ಕಡೆ ಎದುರುಗಾಳೀಲಿ ವಾಪಸ್ ಬರೋವಾಗ ಮಾತ್ರ ಮುಂದೊಂದು ವೀಲ್ ಇದ್ರೆ ದೇವ್ರು ಸಿಕ್ಕಂಗೆ.

ಯೇಟ್ಸ್, ವಾನ್ ಆರ್ಟ್ ಇದ್ದ ವಿಸ್ಮಾ ಟೀಮ್‌ಗೆ ಇದು ಹೊಸದೂ ಅಲ್ಲ. 2022ರ ಟೂರ್ ದ ಫ್ರಾನ್ಸ್‌ನಲ್ಲಿ ಹೊತಕಾಮ್ ಸ್ಟೇಜ್ ದಿನ ಇದೇ ವಾನ್ ಆರ್ಟ್ ಬ್ರೇಕಲ್ಲಿದ್ದು ಕೊನೇ ಏರಲ್ಲಿ ತನ್ನ ಲೀಡರ್ ವಿಂಗೆಗೋರ್, ಎದುರಾಳಿ ಪೊಗಾಚಾರ್ ಬಂದು ಸೇರೋವರೆಗೂ ಇದ್ದು ಎಳೆದ ಎಳೆತಕ್ಕೆ ಪೊಗಾಚಾರ್ ಹಿಂದೆ ಉಳಿದ, ವಿಂಗೆಗೋರ್ ಗೆದ್ದ. ಏರಲ್ಲಿ ಡ್ರಾಫ್ಟ್ (ಮುಂದಿನವನ ಹಿಂದೆ ಗಾಳಿಯಿಂದ ಅಡಗೋದು) ಕೆಲಸಕ್ಕೆ ಬರಲ್ಲ ಅಂದ್ನಲ್ಲ, ಅಲ್ಲಿ ಕೆಲಸ ಮಾಡಿದ್ದು ವೇಗ, ಯಾರೂ ಅಟ್ಯಾಕ್ ಮಾಡೋಕೇ ಆಗದಷ್ಟು ವೇಗ. ಸ್ಯಾಟಲೈಟ್ ಅಂದ್ರೆ ಒಂದೇ ಥರದ ಉಪಯೋಗ ಅಲ್ಲ.

ಧಾರವಾಡ್ ಪೆಡಲ್:
ಗಾಳಿಗೆದುರು ಸರ್ ಲೆಕ್ಕ ಚಲೋ ಹೇಳ್ಯಾರ. ನಾ ಇನ್ನೊಂದ್ ಮಗ್ಗುಲ ಹೇಳ್ತೀನಿ, ಆ ಇಬ್ಬರ ತಲ್ಯಾಗ ಏನ್ ನಡದಿತ್ತು ಅನ್ನೂದು.

ದೆಲ್ ತೊರೊ ಏನ್ ಅನ್ಕೊಂಡಾನ ನೋಡ್ರಿ, ನನ್ನ ಹತ್ತರದ ವೈರಿ ಕಾರಪಾಸ್, 43 ಸೆಕೆಂಡಿನ್ಯಾಗ ಅದಾನ, ನಾ ಮುಂದ ಬಂದು ಗಾಳಿ ತಿಂದ್ರ ಅವ ಹಿಂದ ಆರಾಮ ಕೂತು ಕಡೀಕ ಅಟ್ಯಾಕ್ ಮಾಡ್ತಾನ. ಕಾರಪಾಸ್ ಏನ್ ಅನ್ಕೊಂಡಾನ, ಜೆರ್ಸಿ ಅವನ ಮೈಮ್ಯಾಲ ಐತಿ, ಕಾಪಾಡೂ ಕೆಲಸ ಅವಂದು, ನಾ ಯಾಕ ಅವನ್ನ ಹೊತ್ಕೊಂಡು ಹೋಗ್ಲಿ. ಇಬ್ಬರದೂ ಬ್ಯಾರೆ ಬ್ಯಾರೆ ನೋಡಿದ್ರ ತಪ್ಪಿಲ್ಲ. ಕೂಡ್ಸಿ ನೋಡಿದ್ರ ಯೇಟ್ಸ್‌ಗ ಕಾಣಿಕಿ ಕೊಟ್ಟಂಗ ಆತು.

ಆದ್ರ ನಾ ಒಂದ್ ಮಾತ್ ಖರೇ ಹೇಳ್ತೀನಿ, ಇಬ್ಬರದೂ ಸಮ ತಪ್ಪು ಅಂತ ನಾ ಒಪ್ಪಂಗಿಲ್ಲ. ಯೇಟ್ಸ್ 1:21 ದಾಟಿದ ಗಳಿಗಿಂದ ಲೆಕ್ಕನ ಬದಲಾಗಿತ್ತು. ಆವಾಗಿಂದ ಜೆರ್ಸಿ ಹಾಕ್ಕೊಂಡಾವ ಖರೇ ನೋಡಿದ್ರ ಎರಡನೇದಾಗಿದ್ದ, ಆದ್ರೂ ಮೊದಲನೇದಾಂವನ ಹಂಗ ರೇಸ್ ಮಾಡ್ಯಾನ. ಎರಡನೇ ಸ್ಥಾನ ಉಳಿಸ್ಕೊಳ್ಳಾಕ ಹೋಗಿ ಮೊದಲನೇದು ಬಿಟ್ಟ. ಕಾರಪಾಸ್‌ನ ಟೀಮ್ ಇಎಫ್ ಬೆಟ್ಟದ ಬುಡದಾಗ ಬೆಂಕಿ ಹಚ್ಚಿದಂಗ ಸ್ಪೀಡ್ ಏರ್ಸಿತ್ತು, ಅವ ಅಟ್ಯಾಕೂ ಮಾಡ್ಯಾನ, ತನ್ನ ಪಾಲಿನ ಕೆಲಸ ಅವ ಮೊದಲ ಮಾಡಿದ್ದ ಅಂತ ನನಗನಸ್ತದ. ಹುಡುಗನ ಮ್ಯಾಲ ನನಗ ಸಿಟ್ಟಿಲ್ಲ, ಅಂಥಾ ಏರಿನ್ಯಾಗ ನಾಡಿ ಹೊಡ್ಕೊಳ್ಳೂವಾಗ ತಲಿ ಓಡ್ಸೂದು ಸಣ್ಣ ಮಾತಲ್ಲ. ಯಾರರ ಅವಗ ಹೇಳಬೇಕಿತ್ತು.

ನಂದಿರಸ್ತೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 100 ವ್ಯಾಟ್ 20 ವ್ಯಾಟ್ ಅಂತ ನೋಡಿದ ಮೇಲೆ ಪೂರ್ತಿ ಚಿತ್ರ ಬಂತು. ಧಾರವಾಡ್ ಅಣ್ಣ, ನೀವು ಕೊನೇಲಿ ಹೇಳಿದ್ರಲ್ಲ ಯಾರಾದ್ರೂ ಹೇಳಬೇಕಿತ್ತು ಅಂತ, ಅಲ್ಲೇ ನನ್ನ ಮುಂದಿನ ಡೌಟು. ಎಲ್ಲರ ಕಿವೀಲೂ ರೇಡಿಯೋ ಇರುತ್ತೆ, ಹಿಂದೆ ಕಾರಲ್ಲಿ ಟೀವಿ ಇಟ್ಕೊಂಡು ಡೈರೆಕ್ಟರ್ ಕೂತಿರ್ತಾರೆ, ಹ್ಯಾಂಡಲ್ ಮೇಲೆ ಕಂಪ್ಯೂಟರಲ್ಲಿ ವ್ಯಾಟ್, ಮ್ಯಾಪು, ಏರು ಎಲ್ಲಾ ಕಾಣುತ್ತೆ. ಇಷ್ಟೆಲ್ಲಾ ಟೆಕ್ನಾಲಜಿ ಇಟ್ಕೊಂಡು ದೆಲ್ ತೊರೊನ ಯುಎಇ ಥರದ ಟೀಮು ಹೆಂಗೆ ಎಡವುತ್ತೆ?

ಮಲೆನಾಡ ಸವಾರಿ:
ನಾನು 2018ರಿಂದ ಪ್ರತಿ ಗ್ರ್ಯಾಂಡ್ ಟೂರ್ (ಮೂರು ವಾರದ ದೊಡ್ಡ ರೇಸ್) ನೋಡ್ತಾ ಬಂದಿದೀನಿ, ಇದೇ ಫಿನೆಸ್ತ್ರೆ ನನ್ನ ಈ ಹುಚ್ಚಿಗೆ ಕಾರಣ. ಆ ವರ್ಷ 19ನೇ ಸ್ಟೇಜಲ್ಲಿ ಫ್ರೂಮ್ ಇದೇ ಬೆಟ್ಟದಲ್ಲಿ, ಇನ್ನೂ 80 ಕಿಮೀ ಇದ್ದಾಗ, ಒಂಟಿಯಾಗಿ ಹೋದ. ಅಂಥ ದೂರ ಒಬ್ಬನೇ ಹೋಗೋಕೆ ಕಾಲು ಮಾತ್ರ ಸಾಲಲ್ಲ, ಸ್ಕೈ ಟೀಮಿನ ಸ್ಟಾಫು ದಾರಿಯುದ್ದಕ್ಕೂ ಅಲ್ಲಲ್ಲಿ ಬಾಟಲ್ಲು ಜೆಲ್ಲು ಹಿಡ್ಕೊಂಡು ನಿಂತಿದ್ರು, ಎಷ್ಟು ತಿನ್ನಬೇಕು ಎಲ್ಲಿ ತಿನ್ನಬೇಕು ಅಂತ ಮೊದಲೇ ಬರೆದಿಟ್ಟಿತ್ತು. ಹಿಂದೆ ಬರ್ತಿದ್ದ ಎದುರಾಳಿ ಡುಮೊಲಿನ್ ಇಳಿಜಾರಲ್ಲಿ ಪಿನೋ ಮತ್ತೆ ಪಿನೋ ಟೀಮಿನ ರೈಕನ್‌ಬಾಕ್ ಬರಲಿ, ಎಲ್ಲಾ ಸೇರಿ ಹಿಡಿಯೋಣ ಅಂತ ಕಾದ. ರೈಕನ್‌ಬಾಕ್ ಇಳಿಯೋದ್ರಲ್ಲಿ ನಿಧಾನ, ಕಾದಿದ್ದೇ ದಂಡ ಆಯ್ತು. ನೋಡಿ, 7 ವರ್ಷ ಬಿಟ್ಟು ಅದೇ ಬೆಟ್ಟ, ಅದೇ ಥರ ಬೆನ್ನಟ್ಟೋ ಗುಂಪಲ್ಲಿ ಹೊಂದಾಣಿಕೆ ಇಲ್ಲದೆ ಜಿರೋ ಕೈಬಿಟ್ಟು ಹೋಯ್ತು.

ಈಗ ನಿಮ್ಮ ರೇಡಿಯೋ ಪ್ರಶ್ನೆ. ರೇಡಿಯೋದಲ್ಲಿ ಮಾಹಿತಿ ಬರುತ್ತೆ, ಗ್ಯಾಪ್ ಇಷ್ಟು, ಮುಂದೆ ವಾನ್ ಆರ್ಟ್ ಇದಾನೆ, ಅದೆಲ್ಲಾ ತಿಳಿಯುತ್ತೆ. ಆದ್ರೆ ಪಕ್ಕದಲ್ಲಿರೋ ಕಾರಪಾಸ್ ಹತ್ರ ಕೆಲಸ ಮಾಡಿಸೋ ಗುಂಡಿ ಆ ರೇಡಿಯೋದಲ್ಲಿ ಇಲ್ವಲ್ಲ. ವ್ಯಾಟ್ ಮೀಟರೂ ಅಷ್ಟೆ. ಯೇಟ್ಸ್‌ಗೆ ಅದು ಉಪಯೋಗಕ್ಕೆ ಬರೋ ಸನ್ನಿವೇಶ ಇತ್ತು, ಒಂಟಿಯಾಗಿ ಒಂದು ಲಯ ಹಿಡಿದು ಹತ್ತೋದು, ಮುಂದೆ ಜೊತೆಗಾರ ಇದಾನೆ ಅನ್ನೋ ಧೈರ್ಯದಲ್ಲಿ ಶಿಖರದವರೆಗೆ ಎಲ್ಲಾ ಸುರಿಯೋದು. ಹಿಂದಿನ ಇಬ್ಬರಿಗೆ ಎದುರಿದ್ದ ಪ್ರಶ್ನೆ ನಂಬಿಕೆದು, ಅದಕ್ಕೆ ಪರದೆ ಮೇಲೆ ನಂಬರ್ ಬರಲ್ಲ. ವರ್ಲ್ಡ್ ಚಾಂಪಿಯನ್‌ಶಿಪ್ಪಲ್ಲೂ ಒಲಿಂಪಿಕ್ಸಲ್ಲೂ ರೇಡಿಯೋನೇ ಇರಲ್ಲ, ಅಲ್ಲಿ ರೈಡರ್‌ಗಳು ತಾವೇ ಯೋಚಿಸ್ತಾರೆ, ಹಾಗಾಗಿ ನಂಗೆ ಆ ರೇಸ್‌ಗಳು ಇಷ್ಟ. ಸ್ಟೇಜ್ ರೇಸಲ್ಲೂ ತೆಗೀಬೇಕು ಅನ್ನೋದು ನನ್ನ ಅಭಿಪ್ರಾಯ.

ಗಾಳಿಗೆದುರು:
ಮೇಡಂ, ರೇಡಿಯೋ ತೆಗೆಯೋದಕ್ಕೆ ನಾನು ಒಪ್ಪಲ್ಲ. ಇಳಿಜಾರಲ್ಲಿ ಗಂಟೆಗೆ 80 ಕಿಮೀ ಮೇಲೆ ಹೋಗ್ತಿರ್ತಾರೆ, ಮುಂದಿನ ತಿರುವಲ್ಲಿ ಯಾರೋ ಬಿದ್ದಿದಾರೆ, ರಸ್ತೆ ಒದ್ದೆ ಇದೆ ಅಂತ ಹೇಳೋಕೆ ಅದು ಬೇಕೇ ಬೇಕು. ಉಳಿದದ್ದು ನೀವು ಹೇಳಿದ್ದು ಸರಿ.

ಇನ್ನೊಂದು ಸೇರಿಸ್ತೀನಿ. ಟೆಕ್ನಾಲಜಿ ಒಬ್ಬನೇ ಓಡೋ ದಿನ ಗೆಲ್ಲಿಸುತ್ತೆ, ಟೈಮ್ ಟ್ರಯಲ್‌ನಲ್ಲಿ. 1989ರ ಟೂರ್ ಕೊನೇ ದಿನ ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಮೀ, ಲೆಮಾಂಡ್ 50 ಸೆಕೆಂಡ್ ಹಿಂದೆ ಇದ್ದು ಮೊಣಕೈ ಊರೋ ಏರೋ ಬಾರ್ ಹಾಕಿ ಹೋದ, ಫಿನ್ಯೋನ್ ಜುಟ್ಟು ಬಿಟ್ಕೊಂಡು ಹೆಲ್ಮೆಟ್ ಇಲ್ಲದೆ, ಏರೋ ಬಾರ್ ಇಲ್ಲದ ಹ್ಯಾಂಡಲಲ್ಲಿ ಹೋದ, ಇಡೀ ಟೂರ್ 8 ಸೆಕೆಂಡಲ್ಲಿ ತೀರ್ಮಾನ ಆಯ್ತು. ಅಲ್ಲಿ ಕೂಡ ಯಾವ ಸಾಮಾನು ಯಾವ ರಸ್ತೆಗೆ ಅನ್ನೋದು ಮನುಷ್ಯನೇ ಆರಿಸಬೇಕು. 2023ರಲ್ಲಿ ಕೊಂಬ್ಲೂ ಟೈಮ್ ಟ್ರಯಲ್‌ನಲ್ಲಿ ಪೊಗಾಚಾರ್ ಏರಿನ ಬುಡದಲ್ಲಿ ಸೈಕಲ್ ಬದಲಾಯಿಸಿ ರೋಡ್ ಬೈಕ್ ಹತ್ತಿದ, ವಿಂಗೆಗೋರ್ ಟೈಮ್ ಟ್ರಯಲ್ ಬೈಕಲ್ಲೇ ಹತ್ತಿ 1:38 ಮುಂದೆ ಬಂದ. 2025ರಲ್ಲಿ ಪೇರಾಗ್ಯೂಡ್‌ಗೆ ಹತ್ತೋ ಟೈಮ್ ಟ್ರಯಲ್, ಪೊಗಾಚಾರ್ ಮೊದಲಿಂದಲೂ ಬರೀ ರೋಡ್ ಬೈಕಲ್ಲಿ ಹೋಗಿ ಗೆದ್ದ. ಆದ್ರೆ ಫಿನೆಸ್ತ್ರೆ ದಿನ ಮೂವರ ಹತ್ರಾನೂ ಸಾಮಾನು ಹೆಚ್ಚುಕಮ್ಮಿ ಒಂದೇ ದರ್ಜೆದು, ಆ ದಿನ ವ್ಯತ್ಯಾಸ ಮಾಡಿದ್ದು ಕಣಿವೇಲಿ ಯಾರ ಮನುಷ್ಯ ಮೊದಲೇ ಇದ್ದ ಅನ್ನೋದು.

ಧಾರವಾಡ್ ಪೆಡಲ್:
ಹೌದ್ರಿ. ಇನ್ನೊಂದ್ ಮಾತು ನೆನಪಾತು, 9ನೇ ಸ್ಟೇಜ್ ಸಿಯೆನಾದಾಗ ದೆಲ್ ತೊರೊಗ ಜೆರ್ಸಿ ಬಂದ ದಿನ ಅವನ್ನ ಸೋಲಿಸಿ ಸ್ಟೇಜ್ ಗೆದ್ದಾವನೂ ಇದ ವಾನ್ ಆರ್ಟ್. ಮತ್ತ ಸೈಮನ್‌ನ ಅವಳಿ ಸೋದರ ಆ್ಯಡಮ್ ಯೇಟ್ಸ್ ಇರೂದು ದೆಲ್ ತೊರೊನ ಟೀಮಿನ್ಯಾಗ, ಆ ಜಿರೋದಾಗೂ ಇದ್ದ.

ನಂದಿರಸ್ತೆ:
ಅವಳಿ ಸೋದರ ಎದುರು ಟೀಮಲ್ಲಾ, ಇದು ಗೊತ್ತೇ ಇರ್ಲಿಲ್ಲ! ಮಲೆನಾಡ ಸವಾರಿ ಅವರೇ, 2018ರಲ್ಲಿ ಫ್ರೂಮ್ ಹೋದಾಗ ಗುಲಾಬಿ ಜೆರ್ಸಿ ಯಾರ ಹತ್ರ ಇತ್ತು?

ಮಲೆನಾಡ ಸವಾರಿ:
ಸೈಮನ್ ಯೇಟ್ಸ್ ಹತ್ರ. ಇದೇ ಬೆಟ್ಟದಲ್ಲಿ ಕಾಲು ಸೋತು ಆ ದಿನ 38 ನಿಮಿಷಕ್ಕಿಂತ ಜಾಸ್ತಿ ಕಳ್ಕೊಂಡ, ಜೆರ್ಸಿ ಹೋಯ್ತು. ಕ್ಯಾಮೆರಾ ಹಿಂದೆ ಅವನನ್ನ ತೋರಿಸ್ದಾಗ ತಲೆ ತಗ್ಗಿಸ್ಕೊಂಡು ಹತ್ತಾ ಇದ್ದ, ನಂಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ. ನೀವು 2025ರ ಸ್ಟೇಜ್ ಮತ್ತೆ ನೋಡೋದಾದ್ರೆ ಬ್ರೇಕಲ್ಲಿ ಮುಂದೆ ಹೋಗಿದ್ದ ಹಾರ್ಪರ್ ಸ್ಟೇಜ್ ಗೆದ್ದ ತಕ್ಷಣ ಆಫ್ ಮಾಡ್ಬೇಡಿ. ಯೇಟ್ಸ್ ಲೈನ್ ದಾಟಿ ಅಳೋವರೆಗೂ ನೋಡಿ.