ಕಪ್ಪಾಗುವಷ್ಟು ಸುಟ್ಟ ಮಾಂಸದ ಹಾನಿಯನ್ನು ತರಕಾರಿ ತಡೆಯುತ್ತದೆಯೇ?

ಪ್ರಶ್ನೆ:
ಕೆಂಡದ ಮೇಲೆ ಸುಟ್ಟ ಮಾಂಸದಲ್ಲಿ ಕ್ಯಾನ್ಸರ್‌ಕಾರಕ ವಸ್ತುಗಳು ಹುಟ್ಟುತ್ತವೆಂದೂ, ಜೊತೆಗೆ ತರಕಾರಿ ತಿಂದರೆ ಅದರ ಆ್ಯಂಟಿಆಕ್ಸಿಡೆಂಟ್‌ಗಳು ಅವನ್ನು ನಿವಾರಿಸುತ್ತವೆಂದೂ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಅಂಚು ಕರಿದಾದ ತುಂಡೇ ಇಷ್ಟವಾದ್ದರಿಂದ ನನಗೆ ಇದು ನಿಜಕ್ಕೂ ಚಿಂತೆಯ ವಿಷಯ. ಯಾವ ತರಕಾರಿ ಒಳ್ಳೆಯದು? ಅದರ ಬದಲು ಮಾತ್ರೆ ನುಂಗಿದರೆ ಸಾಕೇ?

ಉತ್ತರ 1:
ಇಲ್ಲಿ ಎರಡು ಬಗೆಯ ವಸ್ತುಗಳಿವೆ. ಮಾಂಸದ ಸ್ನಾಯುವಿನಲ್ಲಿರುವ ಕ್ರಿಯಾಟಿನ್ ಎಂಬ ವಸ್ತು, ಅಮೈನೊ ಆಮ್ಲ ಮತ್ತು ಸಕ್ಕರೆಗಳು ತೀವ್ರ ಶಾಖದಲ್ಲಿ ವರ್ತಿಸಿ ಹೆಟರೊಸೈಕ್ಲಿಕ್ ಅಮೈನ್‌ಗಳಾಗುತ್ತವೆ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿದಾಗ ಏಳುವ ಹೊಗೆಯು ಬೆಂಜೊಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳನ್ನು ಮಾಂಸಕ್ಕೆ ಅಂಟಿಸುತ್ತದೆ. ಅಮೈನ್‌ಗಳು ಇದ್ದ ರೂಪದಲ್ಲೇ ಡಿಎನ್‌ಎಗೆ ಅಂಟುವುದಿಲ್ಲ. ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವ ಅವನ್ನು ಮಾರ್ಪಡಿಸಿದ ಮೇಲೆಯೇ ಅಪಾಯ ಶುರುವಾಗುತ್ತದೆ, ಇನ್ನು ಕೆಲವು ಕಿಣ್ವಗಳು ಅವನ್ನು ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ಮೂಲಕ ಹೊರಹಾಕುತ್ತವೆ. ಬ್ರೊಕೊಲಿ, ಎಲೆಕೋಸುಗಳಿಂದ ಸಿಗುವ ಸಲ್ಫೊರಾಫೇನ್‌ನಂಥ ಸಂಯುಕ್ತಗಳು ಹೀಗೆ ಹೊರಹಾಕುವ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಹೀಗಾಗಿ ತರಕಾರಿಯ ಮುಖ್ಯ ಉಪಕಾರವನ್ನು ಆ್ಯಂಟಿಆಕ್ಸಿಡೆಂಟ್ ಎಂಬ ಒಂದೇ ಹೆಸರಿನಡಿ ತರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇದೇ ಕೋಸಿನ ಜಾತಿಯ ತರಕಾರಿಗಳು ಸಿವೈಪಿ1ಎ2 ಅನ್ನೂ ಹೆಚ್ಚಿಸುತ್ತವೆ, ಕ್ಯಾರೆಟ್ ಮತ್ತು ಸೆಲರಿಯ ಕುಟುಂಬದವು ಅದನ್ನು ತಗ್ಗಿಸುತ್ತವೆ. ಆದ್ದರಿಂದ ಒಂದನ್ನೇ ನೆಚ್ಚಿಕೊಳ್ಳದೆ ಹಲವನ್ನು ಬೆರೆಸಿ ತಿನ್ನುವುದು ವಿವೇಕ. ಬ್ರೊಕೊಲಿಯನ್ನು ಬಹಳ ಹೊತ್ತು ಕುದಿಸಿದರೆ ಸಲ್ಫೊರಾಫೇನ್ ಉಂಟುಮಾಡುವ ಮೈರೊಸಿನೇಸ್ ಕಿಣ್ವ ನಾಶವಾಗುತ್ತದೆ. ಬೆಂದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಉದುರಿಸಿದರೆ ಅದರಲ್ಲಿರುವ ಅದೇ ಕಿಣ್ವ ಆ ಕೆಲಸ ಮಾಡುತ್ತದೆ.

ಉತ್ತರ 2:
ನಿಜವಾದ ಆ್ಯಂಟಿಆಕ್ಸಿಡೆಂಟ್ ಕೆಲಸ ನಡೆಯುವುದು ಹೊಟ್ಟೆಯಲ್ಲಿ. ಮಾಂಸದ ಕಬ್ಬಿಣಾಂಶವು ಅದರ ಕೊಬ್ಬನ್ನು ಆಕ್ಸಿಡೀಕರಿಸಿದಾಗ ಮ್ಯಾಲೊನ್‌ಡೈಆಲ್ಡಿಹೈಡ್ ಮುಂತಾದ ಹಾನಿಕಾರಕ ವಸ್ತುಗಳು ಹುಟ್ಟುತ್ತವೆ; ತರಕಾರಿ ಮತ್ತು ಮಸಾಲೆಗಳ ಪಾಲಿಫಿನಾಲ್ ಎಂಬ ಆ್ಯಂಟಿಆಕ್ಸಿಡೆಂಟ್‌ಗಳು ಅದೇ ಊಟದಲ್ಲಿದ್ದರೆ ಈ ಕ್ರಿಯೆ ಕುಗ್ಗುತ್ತದೆ. ಬೆಳಿಗ್ಗೆ ತಿಂದ ಸಲಾಡ್‌ನಿಂದ ರಾತ್ರಿಯ ಮಾಂಸಕ್ಕೆ ಈ ಬಗೆಯ ರಕ್ಷಣೆ ಸಿಗುವುದಿಲ್ಲ.

ಮಾತ್ರೆಯನ್ನಂತೂ ದಯವಿಟ್ಟು ಬದಲಿಯೆಂದು ಭಾವಿಸಬೇಡಿ. ಫಿನ್‌ಲೆಂಡ್‌ನಲ್ಲಿ ಧೂಮಪಾನಿಗಳಿಗೆ ಬೀಟಾ ಕ್ಯಾರೊಟಿನ್ ಎಂಬ ಆ್ಯಂಟಿಆಕ್ಸಿಡೆಂಟ್‌ನ ಮಾತ್ರೆ ಕೊಟ್ಟು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 1994ರಲ್ಲಿ ಹೊರಬಂದಾಗ, ಮಾತ್ರೆ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು.

ಉತ್ತರ 3:
ಹುಟ್ಟಿದ ವಿಷವನ್ನು ಹೊರಹಾಕುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳುವುದೇ ಸುಲಭ. ಬೆಳ್ಳುಳ್ಳಿ, ಈರುಳ್ಳಿ, ರೋಸ್‌ಮೆರಿ ಬೆರೆಸಿದ ಮಸಾಲೆಯಲ್ಲಿ ಮಾಂಸವನ್ನು ನೆನೆಸಿಡಿ, ಜ್ವಾಲೆ ತಾಗದಂತೆ ಮೇಲಿಂದ ಮೇಲೆ ಮಗುಚಿ, ಕರಿದಾದ ಅಂಚನ್ನು ಕತ್ತರಿಸಿ ಎಸೆಯಿರಿ. ಮನೆಯವರಿಗೆ ಕೊನೆಯದು ರುಚಿಸಲಾರದು, ಆದರೂ ಅದನ್ನು ಬಿಡಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ತರಕಾರಿಯನ್ನೂ ಅದೇ ಕೆಂಡದ ಮೇಲೆ ಸುಟ್ಟರೆ ಅದರಲ್ಲಿಯೂ ಈ ವಸ್ತುಗಳು ಉಂಟಾಗುತ್ತವೆಯೇ?

ಉತ್ತರ 1:
ತರಕಾರಿಯಲ್ಲಿ ಕ್ರಿಯಾಟಿನ್ ಇಲ್ಲದ ಕಾರಣ ಹೆಟರೊಸೈಕ್ಲಿಕ್ ಅಮೈನ್‌ಗಳ ಭಯವಿಲ್ಲವೆನ್ನಬಹುದು. ಹೊಗೆಯ ಬೆಂಜೊಪೈರೀನ್ ಮಾತ್ರ ಅದಕ್ಕೂ ಅಂಟುತ್ತದೆ, ಆದ್ದರಿಂದ ಕೊಬ್ಬು ತೊಟ್ಟಿಕ್ಕುವ ಜಾಗದಿಂದ ದೂರವಿಟ್ಟು ಸುಡಿ.